ಮ್ಯೂಸಿಯಂಗಾಗಿ ಒಂದು ಸಂಗೀತ ಸಂಜೆ: ಸ್ವಯಂಕಲಿತ ಕಲಾವಿದರ ಗೌರವಕ್ಕೆ ಸಹಾಯಾರ್ಥ ಕಛೇರಿ ಮಾಡುವುದು ಹೇಗೆ?

"ನಮ್ಮೂರಲ್ಲಿ ಒಬ್ಬರು ಹಿರಿಯರಿದ್ದಾರೆ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಜೀವನ ಇಡೀ ಚಿತ್ರ ಬರೆದಿದ್ದಾರೆ. ಅವರ ಕೆಲಸ ಇಟ್ಟುಕೊಂಡ ಸಣ್ಣ ಮ್ಯೂಸಿಯಂ ಒಂದಿದೆ, ಅದಕ್ಕೆ ದುಡ್ಡಿಲ್ಲ. ಒಂದು ಸಂಗೀತ ಕಾರ್ಯಕ್ರಮ ಇಟ್ಟು ಹಣ ಒಟ್ಟು ಮಾಡಬಹುದಾ?" ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಊರಿನ ಹೆಸರು, ಹಿರಿಯರ ಹೆಸರು ಮಾತ್ರ ಬೇರೆ.

ಮಾಡಬಹುದು. ಆದರೆ ಒಂದು ಅಪಾಯ ಇದೆ. ಕಾರ್ಯಕ್ರಮ ಚೆಂದ ಆಗುತ್ತದೆ, ಫೋಟೋ ಪೇಪರಿನಲ್ಲಿ ಬರುತ್ತದೆ, ಹಾಲ್, ಮೈಕು, ಊಟದ ಬಿಲ್ ಕಟ್ಟಿದ ಮೇಲೆ ಮ್ಯೂಸಿಯಂ ಕೈಗೆ ಏನೂ ಉಳಿಯುವುದಿಲ್ಲ. ನಾನು ಓಡಾಡಿದ ಮೊದಲ ಕಾರ್ಯಕ್ರಮದ ಕಥೆಯೂ ಇದೇ. ಹಾಗಾಗಿ ಈ ಬರಹ.

ಮೊದಲು ಎರಡು ಪದ. ಸಹಾಯಾರ್ಥ ಕಾರ್ಯಕ್ರಮ ಎಂದರೆ ಖರ್ಚು ಕಳೆದು ಉಳಿದ ಹಣವನ್ನು ಮೊದಲೇ ಹೇಳಿದ ಒಂದು ಉದ್ದೇಶಕ್ಕೆ ಕೊಡುವಂಥದ್ದು. ಸ್ವಯಂಕಲಿತ ಕಲಾವಿದ ಎಂದರೆ ಶಾಲೆಯಲ್ಲೋ ಗುರುವಿನ ಬಳಿಯೋ ಕ್ರಮವಾಗಿ ಕಲಿಯದೆ ಕೈಯನ್ನು ತಾನೇ ಪಳಗಿಸಿಕೊಂಡವರು. ನಮ್ಮ ಕಡೆ ಇವರು ಅಂಗಡಿಯ ಬೋರ್ಡ್ ಬರೆದಿರುತ್ತಾರೆ, ನಾಟಕದ ಪರದೆ ಬರೆದಿರುತ್ತಾರೆ, ನವರಾತ್ರಿಗೆ ಹುಲಿವೇಷದವರ ಮೈಗೆ ಬಣ್ಣ ಹಾಕಿರುತ್ತಾರೆ. ಈ ಕೆಲಸಗಳ ನಡುವೆ ತಮ್ಮ ಖುಷಿಗೆ ಬರೆದ ಚಿತ್ರಗಳು ಮಂಚದ ಕೆಳಗೆ ಇರುತ್ತವೆ.

ಬೇಕಾಗುವುದು ಇಷ್ಟು: ಕನಿಷ್ಠ ನಾಲ್ಕು ತಿಂಗಳು, ನಿಜವಾಗಿ ಕೆಲಸ ಮಾಡುವ ಐದು ಜನ, ಬ್ಯಾಂಕ್ ಖಾತೆ ಇರುವ ಒಂದು ನೋಂದಾಯಿತ ಸಂಸ್ಥೆ, ಒಂದು ದಪ್ಪ ನೋಟ್‌ಬುಕ್. ಇಪ್ಪತ್ತೈದು ಹೆಸರಿನ ಸ್ವಾಗತ ಸಮಿತಿ ಬೇಡವೇ ಬೇಡ. ಹೆಸರು ಬಿಟ್ಟುಹೋಯಿತೆಂಬ ಜಗಳದಲ್ಲೇ ಒಂದು ತಿಂಗಳು ಹೋಗುತ್ತದೆ.

1. ಹಣ ಯಾವ ವಸ್ತುವಿಗೆ ಎಂದು ಮೊದಲು ಗೊತ್ತು ಮಾಡಿ

"ಮ್ಯೂಸಿಯಂ ಅಭಿವೃದ್ಧಿಗಾಗಿ" ಎಂದು ಕರಪತ್ರದಲ್ಲಿ ಹಾಕಿದರೆ ಯಾರ ಕೈಯೂ ಕಿಸೆಗೆ ಹೋಗುವುದಿಲ್ಲ. "ಕಾಗದದ ಮೇಲಿನ 180 ಚಿತ್ರಗಳಿಗೆ ಆಮ್ಲರಹಿತ ಪೆಟ್ಟಿಗೆ" ಎಂದು ಹಾಕಿ ನೋಡಿ. ಎಷ್ಟು ಬೇಕು ಎಂದು ಜನ ತಾವೇ ಕೇಳುತ್ತಾರೆ. ಒಂದೇ ವಸ್ತು, ಅದರ ಬೆಲೆ, ಅದನ್ನು ಮಾರುವವರ ದರಪಟ್ಟಿ ಕೈಯಲ್ಲಿರಲಿ. ಮುಂದಿನ ಎಲ್ಲ ತೀರ್ಮಾನವೂ, ಹಾಲ್ ಎಷ್ಟು ದೊಡ್ಡದು, ಟಿಕೆಟ್ ಎಷ್ಟು, ಯಾರ ಹಾಡು ಎಂಬುದೂ, ಈ ಒಂದು ಅಂಕಿಯಿಂದ ಹೊರಡಬೇಕು.

ಯಾವ ವಸ್ತು? ಮ್ಯೂಸಿಯಂನವರ ಜತೆ ಕೂತು ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಇಲ್ಲಿ ಅವಸರ ಮಾಡಬೇಡಿ. ಸ್ವಯಂಕಲಿತರ ಚಿತ್ರಗಳಿಗೆ ಬೇರೆಯದೇ ತೊಂದರೆ ಇರುತ್ತದೆ. ಹೆಸರಾದ ಚಿತ್ರಕಾರ, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಯಾವ ಬಣ್ಣ, ಯಾವ ಕ್ಯಾನ್ವಾಸ್ ಎಂಬ ಲೆಕ್ಕ ಅಂಥವರಿಗೆ ಗೊತ್ತಿರುತ್ತದೆ. ನಮ್ಮ ಹಿರಿಯರು ಸಿಕ್ಕಿದ್ದರ ಮೇಲೆ ಬರೆದವರು. ಹಾರ್ಡ್‌ಬೋರ್ಡ್, ಕ್ಯಾಲೆಂಡರಿನ ಹಿಂಬದಿ, ಬೋರ್ಡಿಗೆ ತಂದು ಉಳಿದ ಎನಾಮೆಲ್ ಪೇಂಟ್, ಶಾಲಾ ಮಕ್ಕಳ ಪೋಸ್ಟರ್ ಕಲರ್. ನಾನು ಒಮ್ಮೆ ತಿರುಗಿಸಿ ನೋಡಿದ ಒಂದು ಚಿತ್ರದ ಬೆನ್ನಿಗೆ ಸೋಪಿನ ಪೆಟ್ಟಿಗೆಯ ಅಚ್ಚು ಹಾಗೇ ಇತ್ತು, ಮೂಲೆಯಲ್ಲಿ ಪೆನ್ಸಿಲಿನಿಂದ ಯಾರದೋ ಹಾಲಿನ ಲೆಕ್ಕ. ಇಂಥ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ. ಕಾಗದ ತನ್ನನ್ನು ತಾನೇ ತಿಂದುಕೊಳ್ಳುತ್ತಾ ಹಳದಿಯಾಗಿ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಆಮ್ಲರಹಿತ ಪೆಟ್ಟಿಗೆ, ಆಮ್ಲರಹಿತ ಹಾಳೆ ಎಂದರೆ ಈ ಗುಣ ಇಲ್ಲದ, ಸಂಗ್ರಹಕ್ಕೆಂದೇ ಮಾಡಿದ ಸಾಮಾನು.

ಇನ್ನೊಂದು ಶತ್ರು ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ಇದು. ಫ್ರೇಮಿನ ಗಾಜಿನ ಒಳಗೆ ಬಿಳಿ ಹಿಟ್ಟು ಉದುರಿದ ಹಾಗೆ ಚುಕ್ಕೆ ಕಂಡರೆ ಅದು ಧೂಳಲ್ಲ, ಬೂಷ್ಟು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ನೀವು ನೋಡಿರಬಹುದು. ಇಟಲಿಯಿಂದ ಬಂದ ಅಂಟೋನಿಯೋ ಮೊಸ್ಕೆನಿ ಬರೆದ, ನೂರು ವರ್ಷ ದಾಟಿದ ಚಿತ್ರಗಳು. ಅವಕ್ಕೂ 1990ರ ದಶಕದಲ್ಲಿ ತಜ್ಞರು ದುರಸ್ತಿ ಮಾಡಬೇಕಾಯಿತು. ಹಾಗಿರುವಾಗ ಸೋಪಿನ ಪೆಟ್ಟಿಗೆಯ ರಟ್ಟು ಎಷ್ಟು ಮಳೆಗಾಲ ತಡೆದೀತು? ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಒಳ್ಳೆಯ ಗುರಿ. ಎಲ್ಲ ಚಿತ್ರಗಳ ಚೊಕ್ಕ ಫೋಟೋ ತೆಗೆಸಿ ಪಟ್ಟಿ ಮಾಡುವುದೂ ಒಳ್ಳೆಯ ಗುರಿ. ಹೊಸ ಕಮಾನು, ಗ್ರಾನೈಟ್ ನೆಲ, ದಾನಿಗಳ ಹೆಸರಿನ ಕಲ್ಲು ಒಳ್ಳೆಯ ಗುರಿಯಲ್ಲ.

2. ಮ್ಯೂಸಿಯಂ ಯಾರದ್ದು, ಹಣ ಯಾವ ದಾರಿಯಲ್ಲಿ ಹೋಗುತ್ತದೆ

ಎಲ್ಲ ಮ್ಯೂಸಿಯಂ ಒಂದೇ ಅಲ್ಲ. ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಸರಕಾರದ್ದು. ಕರ್ನಲ್ ಮಿರಾಜ್ಕರ್ ತಾಯಿಯ ನೆನಪಿಗೆ ಬಿಟ್ಟುಕೊಟ್ಟ ಮನೆ ಅದು, 1960ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಇಂಥ ಕಡೆ ನೀವು ಚೆಕ್ ಹಿಡಿದು ಹೋಗಿ ಕೊಟ್ಟು ಬರಲಾಗುವುದಿಲ್ಲ. ಇಲಾಖೆಯ ಲಿಖಿತ ಒಪ್ಪಿಗೆ ಬೇಕು, ಹಣಕ್ಕಿಂತ ವಸ್ತು ರೂಪದಲ್ಲಿ ಕೊಡುವುದು ಸುಲಭ. ವಿಜಯನಾಥ ಶೆಣೈಯವರು ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮಣಿಪಾಲದ ಹಸ್ತಶಿಲ್ಪ ಗ್ರಾಮದಂಥದ್ದು ಟ್ರಸ್ಟಿನ ಕೆಳಗೆ ಬರುತ್ತದೆ. ಕಾಲೇಜಿನ ಮ್ಯೂಸಿಯಂ ಆದರೆ ಆಡಳಿತ ಮಂಡಳಿ. ಒಬ್ಬರ ಮನೆಯ ಮಹಡಿಯಲ್ಲಿರುವ ಸಂಗ್ರಹ ಆದರೆ ಮೊದಲು ಟ್ರಸ್ಟ್ ನೋಂದಾಯಿಸಿ, ಕಛೇರಿ ಮುಂದಿನ ವರ್ಷ ಇಟ್ಟುಕೊಳ್ಳಿ. ಸುಮ್ನೆ ಹೇಳುತ್ತಿಲ್ಲ. ವೈಯಕ್ತಿಕ ಖಾತೆಗೆ ಊರಿನವರ ಹಣ ಬಂದರೆ ನೀವು ಎಷ್ಟೇ ಪ್ರಾಮಾಣಿಕರಾದರೂ ಮಾತು ಬರುತ್ತದೆ.

ಇಲ್ಲಿ ಮೂರು ಗುಂಡಿಗಳಿವೆ.

ಮೊದಲನೆಯದು ತೆರಿಗೆ ವಿನಾಯಿತಿ. ಜನ 80ಜಿ ಎಂದೇ ಕರೆಯುವ ಆದಾಯ ತೆರಿಗೆ ವಿನಾಯಿತಿ ದಾನ ಕೊಟ್ಟವರಿಗೆ ಸಿಗಬೇಕಾದರೆ ಹಣ ಪಡೆಯುವ ಸಂಸ್ಥೆಗೆ ಆ ನೋಂದಣಿ ಇರಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಮುಖ್ಯವಾದ ಮಾತು: ಟಿಕೆಟ್ ಕೊಂಡದ್ದು ದಾನ ಅಲ್ಲ. ಹಣ ಕೊಟ್ಟದ್ದಕ್ಕೆ ಬದಲಾಗಿ ಅವರು ಕಛೇರಿ ಕೇಳಿದ್ದಾರಲ್ವಾ? ಟಿಕೆಟಿನ ಮೇಲೆ "ತೆರಿಗೆ ವಿನಾಯಿತಿ ಇದೆ" ಎಂದು ಅಚ್ಚು ಹಾಕಿಸಬೇಡಿ. ದಾನದ ರಸೀದಿ ಪುಸ್ತಕ ಬೇರೆ, ಟಿಕೆಟ್ ಪುಸ್ತಕ ಬೇರೆ. ದಾನ ಕೊಟ್ಟವರ ಪಾನ್ ಸಂಖ್ಯೆಯನ್ನು ಅಲ್ಲೇ ಬರೆದುಕೊಳ್ಳಿ, ಆಮೇಲೆ ಫೋನ್ ಮಾಡಿ ಕೇಳುವುದು ಮುಜುಗರ.

ಎರಡನೆಯದು ದುಬೈ, ಮಸ್ಕತ್, ಲಂಡನ್ನಿನ ನಮ್ಮವರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡವರ ಹಣ, ಅವರಿಗೆ ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಅಣ್ಣನ ಮಗನೇ ಆದರೂ ಪಾಸ್‌ಪೋರ್ಟ್ ಯಾವುದು ಎಂದು ಕೇಳಲೇಬೇಕು.

ಮೂರನೆಯದು ಕ್ಯೂಆರ್ ಕೋಡ್. ಅದು ಸಂಸ್ಥೆಯ ಖಾತೆಯದ್ದೇ ಆಗಿರಲಿ, ಖಜಾಂಚಿಯ ಮೊಬೈಲಿನದ್ದಲ್ಲ. ಗೇಟಿನಲ್ಲಿ ಯಾರಾದರೂ ಹಣ ಹಾಕಿದ ಸ್ಕ್ರೀನ್‌ಶಾಟ್ ತೋರಿಸಿದರೆ ನಗುತ್ತಲೇ "ಒಂದು ನಿಮಿಷ" ಎಂದು ಖಾತೆ ನೋಡಿ.

3. ಕಲಾವಿದರನ್ನು ಕೇಳಿದ್ದೀರಾ?

ಹಾಸ್ಯ ಅಲ್ಲ. ತಮಗೇ ಸನ್ಮಾನ ಇದೆ ಎಂಬುದು ಕಾರ್ಯಕ್ರಮದ ಪೋಸ್ಟರ್ ನೋಡಿದ ಮೇಲಷ್ಟೇ ಗೊತ್ತಾದ ಹಿರಿಯರಿದ್ದಾರೆ. ಮೊದಲ ಭೇಟಿಗೆ ಇಬ್ಬರೇ ಹೋಗಿ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು ಒಳ್ಳೆಯದು, ಚಾ ಕುಡಿದು ನಿಧಾನ ಕೂತುಕೊಳ್ಳಿ. ಹೀಗೆ ಕೇಳಿ:

ನಿಮಗೆ ವೇದಿಕೆ ಮೇಲೆ ಕೂರುವುದು ಇಷ್ಟವಾ? ಮಾತಾಡಬೇಕಾ, ಬೇಡವಾ? ಯಾವ ಚಿತ್ರ ಎಲ್ಲರೂ ನೋಡಬೇಕು ಅನಿಸುತ್ತದೆ? ಯಾವುದನ್ನು ತೋರಿಸುವುದು ಬೇಡ? ನಿಮಗೆ ಎಂಥ ಹಾಡು ಇಷ್ಟ?

ಕೊನೆಯ ಪ್ರಶ್ನೆ ಬಿಡಬೇಡಿ. ನಾವೆಲ್ಲ ಕರ್ನಾಟಕ ಸಂಗೀತ ಎಂದುಕೊಂಡಿರುತ್ತೇವೆ, ಅವರು ಬಣ್ಣ ಹಾಕುವಾಗ ಇಡೀ ದಿನ ಕೇಳಿದ್ದು ಆಕಾಶವಾಣಿಯ ಯಕ್ಷಗಾನ ಆಗಿರಬಹುದು. ಹಾಗಿದ್ದರೆ ಗಾನವೈಭವ ಇಡಿ. ಗಾನವೈಭವ ಎಂದರೆ ವೇಷ, ಕುಣಿತ ಇಲ್ಲದೆ ಭಾಗವತರು, ಚೆಂಡೆ, ಮದ್ದಳೆ ಮಾತ್ರ ಕೂತು ಪದ್ಯ ಹಾಡುವ ಕ್ರಮ.

ಹಣದ ಮಾತೂ ಆ ದಿನವೇ ಆಗಲಿ. ಬಂದದ್ದೆಲ್ಲ ಮ್ಯೂಸಿಯಂಗಾ, ಒಂದು ಪಾಲು ಕಲಾವಿದರಿಗಾ? ಅವರ ಮದ್ದಿನ ಖರ್ಚಿಗೇ ಕಷ್ಟ ಇರುವಾಗ ಅವರ ಹೆಸರು ಹೇಳಿ ಯಂತ್ರ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಪಾಲು ಇದ್ದರೆ ಎಷ್ಟು ಎಂದು ಕರಪತ್ರದಲ್ಲೇ ಹಾಕಿ. ಮುಚ್ಚಿಟ್ಟ ಲಕೋಟೆಯನ್ನು ವೇದಿಕೆ ಮೇಲೆ ಕೊಟ್ಟು ಫೋಟೋ ತೆಗೆಸುವುದಕ್ಕಿಂತ ಇದು ಮರ್ಯಾದೆ.

ಇನ್ನು ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ಚಿತ್ರ ಮ್ಯೂಸಿಯಂ ಬಳಿ ಇದ್ದ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ ಹಕ್ಕು ಮ್ಯೂಸಿಯಂಗೆ ಬರುವುದಿಲ್ಲ. ಬರೆದುಕೊಡದೇ ಇದ್ದರೆ ಆ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ, ಅವರ ಕಾಲದ ನಂತರ 60 ವರ್ಷ ವಾರಸುದಾರರದ್ದು. ಪೋಸ್ಟರಿಗೆ, ಟಿಕೆಟಿಗೆ, ಮಾರುವ ಕಾರ್ಡಿಗೆ ಯಾವ ಯಾವ ಚಿತ್ರ ಬಳಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಚಿತ್ರದ ಮೂಲೆ ಕತ್ತರಿಸಿ ಪ್ರಾಯೋಜಕರ ಲೋಗೋ ಕೂರಿಸುವ ಡಿಟಿಪಿಯವರನ್ನು ಮೊದಲೇ ತಡೆಯಿರಿ.

ಇನ್ನೊಂದು. ಆಹ್ವಾನ ಪತ್ರಿಕೆಯಲ್ಲಿ "ಎಲೆಮರೆಯ ಕಾಯಿ", "ಆಧುನಿಕ ಏಕಲವ್ಯ" ಬೇಡ. ಏಕಲವ್ಯನಿಗೆ ಹೆಬ್ಬೆರಳು ಹೋಯಿತು ಮಾರಾಯ್ರೇ, ಚಿತ್ರ ಬರೆಯುವವರಿಗೆ ಆ ಹೆಸರು ಯಾಕೆ? ಎಲ್ಲಿ ಹುಟ್ಟಿದರು, ಏನು ಕೆಲಸ ಮಾಡಿದರು, ಯಾವುದರ ಮೇಲೆ ಏನು ಬರೆದರು ಎಂದು ನಾಲ್ಕು ಸಾಲು ಸಾಕು.

4. ದಿನ ಮತ್ತು ಜಾಗ

ಕರಾವಳಿಯಲ್ಲಿ ದಿನ ಹುಡುಕುವುದೇ ದೊಡ್ಡ ಕೆಲಸ. ನವೆಂಬರಿನಲ್ಲಿ ಯಕ್ಷಗಾನ ಮೇಳಗಳು ಹೊರಟರೆ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಯಾವ ರಾತ್ರಿಯೂ ಎಲ್ಲೋ ಒಂದು ಕಡೆ ಆಟ ಇದ್ದೇ ಇರುತ್ತದೆ. ಅದೇ ಕಾಲದಲ್ಲಿ ಕೋಲ, ನೇಮ, ಕಂಬಳ, ಮದುವೆ, ಶಾಲಾ ವಾರ್ಷಿಕೋತ್ಸವ. ಮಾರ್ಚ್ ಬಂದರೆ ಪರೀಕ್ಷೆ. ಜೂನ್ ಬಂದರೆ ಮಳೆ. ತಗಡಿನ ಮಾಡಿನ ಹಾಲ್‌ನಲ್ಲಿ ಜುಲೈ ತಿಂಗಳು ವೀಣೆ ಇಟ್ಟರೆ ಕೇಳುವುದು ಮಳೆ ಮಾತ್ರ.

ನನ್ನ ಆಯ್ಕೆ ನವರಾತ್ರಿ ಕಳೆದು ದೀಪಾವಳಿಗೆ ಮೊದಲಿನ ಒಂದು ಶನಿವಾರ, ಇಲ್ಲವೇ ಫೆಬ್ರುವರಿಯ ಮೊದಲ ವಾರ. ಮೊದಲನೆಯದರಲ್ಲಿ ಸಂಜೆಯ ಗುಡುಗು ಮಳೆಯ ಭಯ ಇದೆ, ಹಾಲ್ ಒಳಗೇ ಇಟ್ಟುಕೊಳ್ಳಿ. ಉಡುಪಿಯವರು ಕೃಷ್ಣಮಠದ ಪರ್ಯಾಯದ ವರ್ಷ ಜನವರಿ 18ರ ಆಸುಪಾಸು ಬಿಡಿ, ಮುಂದಿನದು 2028ರಲ್ಲಿ. ರೂಮು ಸಿಗುವುದಿಲ್ಲ, ಮೈಕಿನವರು ಸಿಗುವುದಿಲ್ಲ, ಜನರಂತೂ ಸಿಗುವುದೇ ಇಲ್ಲ.

ಜಾಗಕ್ಕೆ ಬಂದರೆ, ದೊಡ್ಡ ಹಾಲ್ ಮೋಹ ಬೇಡ. ಸಾವಿರ ಕುರ್ಚಿಯ ಪುರಭವನದಲ್ಲಿ ಇನ್ನೂರು ಜನ ಕೂತರೆ ಕಾರ್ಯಕ್ರಮ ಸೋತ ಹಾಗೆ ಕಾಣುತ್ತದೆ. ಅದೇ ಇನ್ನೂರು ಜನ ಕಾಲೇಜಿನ ಸಣ್ಣ ಸಭಾಂಗಣದಲ್ಲಿ ಕೂತರೆ ನಿಲ್ಲಲು ಜಾಗ ಇಲ್ಲ ಎಂಬ ಸುದ್ದಿ. ಹಾಲ್ ನೋಡಲು ಹೋದಾಗ ಈ ನಾಲ್ಕು ನೋಡಿ: ಚಿತ್ರ ಇಡಲು ವೇದಿಕೆಯಿಂದ ದೂರದ ಪ್ರತ್ಯೇಕ ಕೋಣೆ ಅಥವಾ ಹೊರಾಂಗಣ, ಜನರೇಟರ್, ವಯಸ್ಸಾದವರಿಗೆ ಮೆಟ್ಟಿಲಿಲ್ಲದ ದಾರಿ, ಶೌಚಾಲಯ. ಪಕ್ಕದ ಹಾಲ್‌ನಲ್ಲಿ ಅದೇ ದಿನ ಮದುವೆ ಇದೆಯಾ ಎಂದೂ ಕೇಳಿ. ಬ್ಯಾಂಡಿನವರ ಎದುರು ಆಲಾಪನೆ ನಿಲ್ಲುವುದಿಲ್ಲ.

ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಬೇಕು. ಮಂಗಳೂರು ನಗರದಲ್ಲಿ ಕಮಿಷನರೇಟ್, ಉಡುಪಿ ಕಡೆ ಜಿಲ್ಲಾ ಪೊಲೀಸ್. ಎರಡು ಕಡೆಯೂ ಮೊದಲು ನಿಮ್ಮ ಠಾಣೆಯಲ್ಲೇ ವಿಚಾರಿಸಿ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ ಆಗಿರಬಹುದು, ಅದನ್ನೂ ಕೇಳಿಕೊಳ್ಳಿ. ಹೇಗೂ ಎಂಟೂವರೆಗೆ ಮುಗಿಸುವುದು ಒಳ್ಳೆಯದು. ಹೆಬ್ರಿ, ಕಾರ್ಕಳ ಕಡೆಯವರಿಗೆ ಕೊನೆಯ ಬಸ್ಸಿನ ಚಿಂತೆ ಹತ್ತಿದರೆ ಅವರು ಮಂಗಳಕ್ಕೆ ಕಾಯುವುದಿಲ್ಲ.

5. ಲೆಕ್ಕ ಹಾಕುವ ಬಗೆ

250 ಕುರ್ಚಿಯ ಒಂದು ಹಾಲ್ ಎಂದುಕೊಳ್ಳಿ. ಕೆಳಗಿನದು ಬರೀ ಉದಾಹರಣೆ, ದರಪಟ್ಟಿ ಅಲ್ಲ. ಹಾಲ್ 15,000, ಧ್ವನಿ ಮತ್ತು ಬೆಳಕು 18,000, ಹಾಡುವವರು ಮತ್ತು ಪಕ್ಕವಾದ್ಯದವರು 40,000, ಅಚ್ಚು ಮತ್ತು ಬ್ಯಾನರ್ 8,000, ಚಾ ತಿಂಡಿ 12,000, ಚಿತ್ರಗಳ ಸಾಗಣೆ ಮತ್ತು ಫ್ರೇಮ್ 10,000, ಚಿಲ್ಲರೆ ಖರ್ಚು 7,000. ಒಟ್ಟು 1,10,000. ಟಿಕೆಟ್ 300 ರೂಪಾಯಿ, 150 ಹೋಯಿತು ಎಂದರೆ 45,000. ಮ್ಯೂಸಿಯಂಗೆ ಒಂದು ರೂಪಾಯಿ ಸಿಗುವ ಮೊದಲೇ 65,000 ಸಾಲ!

ಹೆಚ್ಚಿನವರು ಇಲ್ಲೇ ಎಡವುವುದು. ಟಿಕೆಟಿನಿಂದ ಖರ್ಚು, ಪ್ರಾಯೋಜಕರಿಂದ ಲಾಭ ಎಂದು ಯೋಚಿಸುತ್ತಾರೆ. ತಿರುಗಿಸಿ. ಒಂದೊಂದು ಖರ್ಚಿಗೆ ಒಬ್ಬೊಬ್ಬ ಪ್ರಾಯೋಜಕರನ್ನು ಹುಡುಕಿ. ಮೈಕಿನ ಖರ್ಚು ಇವರದ್ದು, ಅಚ್ಚಿನ ಖರ್ಚು ಅವರದ್ದು, ಚಾ ತಿಂಡಿ ಹೋಟೆಲಿನವರದ್ದು. ಉಡುಪಿಯಲ್ಲಿ ಬನ್ಸ್, ಗೋಳಿಬಜೆ ಕೊಡಲು ಒಬ್ಬರು ಸಿಗದೇ ಇರುತ್ತಾರಾ? ಆಗ ಟಿಕೆಟಿನ ಪ್ರತಿ ರೂಪಾಯಿಯೂ ಮ್ಯೂಸಿಯಂಗೆ ಎಂದು ಧೈರ್ಯವಾಗಿ ಹೇಳಬಹುದು. ಆ ಒಂದು ವಾಕ್ಯಕ್ಕೇ ಟಿಕೆಟ್ ಮಾರುವ ಶಕ್ತಿ ಇದೆ. ಖರ್ಚುಗಳಿಗೆ ಜನ ಸಿಗುವ ಮೊದಲು ಹಾಲಿಗೆ ಮುಂಗಡ ಕೊಡಬೇಡಿ.

ಟಿಕೆಟ್ 500 ರೂಪಾಯಿ ಮೀರದಿರಲಿ. ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ತಲೆಗೆ 500ರವರೆಗೆ ಜಿಎಸ್‌ಟಿ ಇಲ್ಲ. ಶಾಸ್ತ್ರೀಯ ಅಥವಾ ಜಾನಪದ ಕಲಾವಿದರ ಸಂಭಾವನೆಗೂ 1.5 ಲಕ್ಷದವರೆಗೆ ವಿನಾಯಿತಿ ಇದೆ. ಜಾಹೀರಾತಿನ ಹಣದ ಲೆಕ್ಕ ಬೇರೆ, ಅದನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಿ.

ನಮ್ಮಲ್ಲಿ ಹಣ ಕೊಟ್ಟು ಒಳಗೆ ಹೋಗುವ ಅಭ್ಯಾಸ ಕಡಿಮೆ. ಹರಕೆ ಆಟ ಧರ್ಮಕ್ಕೆ, ಮಠದ ಕಛೇರಿ ಧರ್ಮಕ್ಕೆ. ಹಾಗಾಗಿ "ಒಂದು ಪಾಸ್ ಕೊಡಿ" ಎಂಬ ಫೋನು ಬಂದೇ ಬರುತ್ತದೆ. ಗೌರವ ಪಾಸ್ ಹತ್ತೇ ಎಂದು ಗೆರೆ ಎಳೆದುಬಿಡಿ, ಅದರಲ್ಲಿ ಅರ್ಧ ಕಲಾವಿದರ ಮನೆಯವರಿಗೆ. ಸಮಿತಿಯ ಐವರೂ ತಮ್ಮ ಟಿಕೆಟ್ ಕೊಳ್ಳಲಿ, ಆಗ ಬೇರೆಯವರಿಗೆ ಇಲ್ಲ ಎನ್ನುವುದು ಸುಲಭ. ಗಣ್ಯರಿಗೆ ಎಂದು ಮೂರು ಸಾಲು ಸೋಫಾ ಕಾದಿಡಬೇಡಿ. ಅವು ಖಾಲಿ ಇರುತ್ತವೆ, ಹಾಡುವವರು ಖಾಲಿ ಸೋಫಾಕ್ಕೆ ಹಾಡಬೇಕಾಗುತ್ತದೆ.

ಸ್ಮರಣ ಸಂಚಿಕೆ? ನನ್ನ ಅಭಿಪ್ರಾಯ, ಬೇಡ. ಜಾಹೀರಾತಿನ ಬಾಕಿ ವಸೂಲಿಗೆ ಆರು ತಿಂಗಳು ಅಲೆಯುತ್ತೀರಿ. ಬದಲಿಗೆ ನಾಲ್ಕು ಪುಟದ ಒಂದು ಹಾಳೆ, ಒಳಗೆ ಕಲಾವಿದರ ಎರಡು ಚಿತ್ರ, ಹೊರಗೆ ಖರ್ಚು ಹೊತ್ತವರ ಹೆಸರು.

6. ಹಾಡಿನ ಪಟ್ಟಿ ಮತ್ತು ಅನುಮತಿ

"ಸಹಾಯಾರ್ಥ ಅಲ್ವಾ, ಹಕ್ಕಿನವರು ಏನೂ ಕೇಳುವುದಿಲ್ಲ" ಎಂಬ ನಂಬಿಕೆ ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇರುವುದು ಹವ್ಯಾಸಿ ತಂಡದ ಪ್ರದರ್ಶನಕ್ಕೆ, ಅದೂ ಹಣ ಕೊಡದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ. ನಿಮ್ಮದು ಟಿಕೆಟ್ ಇಟ್ಟ ಕಾರ್ಯಕ್ರಮ, ಮ್ಯೂಸಿಯಂ ದೇವಸ್ಥಾನವೂ ಅಲ್ಲ.

ಹಾಗಾದರೆ ಏನು ಹಾಡಬಹುದು? ಪುರಂದರದಾಸರು, ಕನಕದಾಸರು, ವಾದಿರಾಜರ ಪದಗಳಿಗೆ ಯಾರ ಅನುಮತಿಯೂ ಬೇಡ. ಕವಿ ತೀರಿಕೊಂಡು 60 ವರ್ಷ ಕಳೆದರೆ ಸಾಹಿತ್ಯ ಎಲ್ಲರದ್ದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯ ಹಾಡಬಹುದು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ 2024ರಿಂದ ಅವರದ್ದೂ ಮುಕ್ತ. ಆದರೆ ಆ ಪದ್ಯಕ್ಕೆ ಇತ್ತೀಚೆಗೆ ಯಾರಾದರೂ ರಾಗ ಹಾಕಿದ್ದರೆ ಆ ಧಾಟಿಯ ಹಕ್ಕು ಅವರದ್ದು. ಹೊಸ ಧಾಟಿಯನ್ನು ನಿಮ್ಮ ಗಾಯಕರೇ ಹಾಕಲಿ. ಸಿನಿಮಾ ಹಾಡು, ಹೆಸರಾದ ಭಾವಗೀತೆ ಬೇಕೇ ಬೇಕು ಎಂದರೆ ಐಪಿಆರ್‌ಎಸ್ ಎಂಬ ಸಂಸ್ಥೆಯಿಂದ ಪರವಾನಗಿ ಪಡೆಯಬೇಕಾಗುತ್ತದೆ. ಅದು ಸಾಹಿತ್ಯ ಬರೆದವರು ಮತ್ತು ಸಂಗೀತ ಕೊಟ್ಟವರ ಪರವಾಗಿ ಶುಲ್ಕ ಪಡೆಯುವ ಸಂಘ. ಧ್ವನಿಮುದ್ರಿತ ಟ್ರ್ಯಾಕ್ ಹಾಕಿ ಹಾಡುವುದಾದರೆ ಆ ಮುದ್ರಿಕೆಯ ಹಕ್ಕು ಮತ್ತೆ ಬೇರೆ.

ಹಾಡುವವರಿಗೆ ದುಡ್ಡು ಕೊಡಬೇಕಾ? ಮುಖ್ಯ ಗಾಯಕರು ತಾವಾಗಿ ಬೇಡ ಎಂದರೆ ಸಂತೋಷ. ಪಕ್ಕವಾದ್ಯದವರಿಗೆ ಕೊಡಲೇಬೇಕು. ಮೃದಂಗದ ಹುಡುಗ ಕಾಸರಗೋಡಿನಿಂದ ಬೈಕಿನಲ್ಲಿ ಬಂದಿರುತ್ತಾನೆ, ಅವನಿಗೆ ಶಾಲು ಹೊದೆಸಿ ಕಳಿಸಿದರೆ ಪೆಟ್ರೋಲ್ ಯಾರು ಹಾಕುವುದು?

7. ಚಿತ್ರ ಮತ್ತು ಚೆಂಡೆ ಒಂದೇ ಕೋಣೆಯಲ್ಲಿ ಬೇಡ

ಒಮ್ಮೆ ನಾವು ಮ್ಯೂಸಿಯಂನ ಗ್ಯಾಲರಿಯಲ್ಲೇ ಗಾನವೈಭವ ಇಟ್ಟೆವು. ನೋಡಲು ತುಂಬಾ ಚೆಂದ. ಏರುಪದ, ಅಂದರೆ ಗತಿ ಏರಿಸಿ ಹಾಡುವ ಪದ್ಯ, ಶುರುವಾದಾಗ ಗೋಡೆಯ ಒಂದು ಫ್ರೇಮು ಬೆರಳಷ್ಟು ವಾಲಿತು. ಇನ್ನೊಂದು ಪದ್ಯ ಮುಗಿಯುವಾಗ ಎರಡು ಬೆರಳು. ಹಿಂದೆ ಕೂತ ಒಬ್ಬರು ಎದ್ದು ಹೋಗಿ ಕಾರ್ಯಕ್ರಮ ಮುಗಿಯುವವರೆಗೆ ಕೈಯಲ್ಲಿ ಹಿಡಿದು ನಿಂತರು. ಚೆಂಡೆಯ ಪೆಟ್ಟು, ಸ್ಪೀಕರಿನ ತಗ್ಗು ಸ್ವರ ಗೋಡೆಗೆ ಇಳಿಯುತ್ತದೆ. ಎನಾಮೆಲ್ ಬಣ್ಣ ಮೊದಲೇ ಚಕ್ಕೆ ಎದ್ದಿದ್ದರೆ ಉದುರುವುದಕ್ಕೆ ಅಷ್ಟು ಸಾಕು. ಗ್ಯಾಲರಿಯಲ್ಲೇ ಇಡಬೇಕೆಂದರೆ ಮೈಕ್ ಇಲ್ಲದ ವೀಣೆ, ಕೊಳಲು, ಐವತ್ತು ಜನ. ಅದಕ್ಕಿಂತ ಜಾಸ್ತಿ ಬೇಡ.

ಹಾಲ್‌ಗೆ ಚಿತ್ರ ತರುವುದಾದರೆ ಹತ್ತು ಹನ್ನೆರಡು ಸಾಕು. ಪ್ರತಿಯೊಂದಕ್ಕೂ ಒಂದು ಸ್ಥಿತಿಪಟ್ಟಿ ಮಾಡಿ. ಎದುರಿನ ಫೋಟೋ, ಬೆನ್ನಿನ ಫೋಟೋ, ಅಳತೆ, ಯಾರ ಮನೆಯದ್ದು, ಈಗಲೇ ಇರುವ ಹರಿದ ಜಾಗ, ಕಲೆ, ಕೊಟ್ಟವರ ಮತ್ತು ಪಡೆದವರ ಸಹಿ. "ಎಂತ ಮಾರಾಯ್ರೇ, ನಮ್ಮ ಮೇಲೆ ನಂಬಿಕೆ ಇಲ್ವಾ" ಎನ್ನುತ್ತಾರೆ. ಇದೆ ಎಂದು ಹೇಳಿ ಸಹಿ ಹಾಕಿಸಿ.

ಬೆಳಕು ಕಡಿಮೆ ಇರಲಿ. ಕಾಗದದ ಮೇಲಿನ ಜಲವರ್ಣಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಎಂಬುದು ಮ್ಯೂಸಿಯಂನವರ ರೂಢಿ. ಲಕ್ಸ್ ಎಂದರೆ ಬೆಳಕಿನ ಅಳತೆ, ಫೋನಿನ ಆ್ಯಪಿನಲ್ಲಿ ಅಂದಾಜು ಸಿಗುತ್ತದೆ. ವೇದಿಕೆಯ ಫೋಕಸ್ ದೀಪದ ಕೆಳಗೆ ಮೂಲ ಚಿತ್ರ ನಿಲ್ಲಿಸಲೇಬೇಡಿ. ಅಲ್ಲಿಗೆ ಅನುಮತಿ ಪಡೆದು ದೊಡ್ಡದಾಗಿ ಅಚ್ಚು ಹಾಕಿಸಿದ ಪ್ರತಿ ಸಾಕು.

ದೀಪ ಬೆಳಗಿಸುವುದು ಬಿಡುವುದಿಲ್ಲ ನಾವು. ಸರಿ, ಕಾಲುದೀಪ ವೇದಿಕೆಯ ಮೇಲೆ ಇರಲಿ, ಚಿತ್ರದ ಕೋಣೆಯಲ್ಲಿ ಬೇಡ. ಎಣ್ಣೆಯ ಹೊಗೆ ಚಿತ್ರದ ಮೇಲೆ ಕೂತರೆ ಒರೆಸಲು ಆಗುವುದಿಲ್ಲ. ಫ್ರೇಮಿಗೆ ಹೂವಿನ ಮಾಲೆ ಹಾಕಬೇಡಿ. ಶಂಕರಪುರ ಮಲ್ಲಿಗೆಯ ಜತೆ ಸಣ್ಣ ಹುಳವೂ ನೀರೂ ಬರುತ್ತದೆ, ಮಾಲೆ ಬಿದ್ದ ಚಿತ್ರ ತೀರಿಹೋದವರ ಫೋಟೋದ ಹಾಗೆ ಕಾಣುತ್ತದೆ ಬೇರೆ. ಒದ್ದೆ ಕೊಡೆಗೆ ಬಾಗಿಲ ಹೊರಗೆ ಬಕೆಟ್ ಇಡಿ. ಚಾ ಲೋಟ ಹಿಡಿದು ಒಳಗೆ ಬರುವವರನ್ನು ತಡೆಯಲು ಒಬ್ಬ ಗಟ್ಟಿ ಜನ ನಿಲ್ಲಲಿ.

8. ಆ ಸಂಜೆ

ಹೀಗೆ ಮಾಡಿ ನೋಡಿ. 4:45ಕ್ಕೆ ಬಾಗಿಲು ತೆರೆದು ಚಿತ್ರ ನೋಡಲು ಬಿಡಿ. ಆ ಹೊತ್ತಿಗೆ ಧ್ವನಿ ಪರೀಕ್ಷೆ ಮುಗಿದಿರಬೇಕು, ಅದನ್ನು ಪ್ರೇಕ್ಷಕರ ಎದುರು ಮಾಡುವುದು ಚೆಂದವಲ್ಲ. 6:00ಕ್ಕೆ ಗೌರವ, ಇಪ್ಪತ್ತು ನಿಮಿಷ. 6:25ಕ್ಕೆ ಹಾಡು. ನಡುವೆ ಹದಿನೈದು ನಿಮಿಷ ಬಿಡುವು, ಆಗ ಮತ್ತೆ ಚಿತ್ರ. 8:30ಕ್ಕೆ ಮಂಗಳ.

ಇಪ್ಪತ್ತು ನಿಮಿಷದಲ್ಲಿ ಸನ್ಮಾನ ಸಾಧ್ಯವಾ? ಸಾಧ್ಯ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು ಮೂವರೂ ಬೇಡ, ಒಬ್ಬರು ಸಾಕು, ಐದು ನಿಮಿಷ. ಶಾಲು, ಫಲತಾಂಬೂಲ ಕೊಡಿ. ಪೇಟ, ಕಿರೀಟ, ಗಾಜಿನ ದೊಡ್ಡ ಸ್ಮರಣಿಕೆ ಬಿಡಿ. ಗೋಡೆ ತುಂಬ ಚಿತ್ರ ಇರುವ ಮನೆಯಲ್ಲಿ ಅದನ್ನು ಎಲ್ಲಿ ಇಡುವುದು? ಅಭಿನಂದನ ಪತ್ರದ ಬದಲು ಅವರ ಒಂದು ಚಿತ್ರವನ್ನು ಪರದೆಯಲ್ಲಿ ದೊಡ್ಡದಾಗಿ ತೋರಿಸಿ, ಅವರ ಪಕ್ಕ ಪರಿಚಯದವರೊಬ್ಬರು ಕೂತು ನಾಲ್ಕು ಪ್ರಶ್ನೆ ಕೇಳಲಿ. "ಈ ನೀಲಿ ಎಲ್ಲಿ ಸಿಕ್ಕಿತು?" ಎಂದು ಕೇಳಿದರೆ ವೇದಿಕೆಯಲ್ಲಿ ಮಾತೇ ಬಾರದವರೂ ಶುರು ಮಾಡುತ್ತಾರೆ. ಕುರ್ಚಿಗೆ ಕೈ ಇರಲಿ, ಮೈಕ್ ಕೈಯಲ್ಲಿ ಹಿಡಿಸಬೇಡಿ, ನಿಲ್ಲಿಸಬೇಡಿ.

ಸನ್ಮಾನವನ್ನು ಹಾಡಿನ ನಡುವೆ ತುರುಕಬೇಡಿ. ಶ್ರುತಿ ಸೇರಿಸಿ ಕೂತವರನ್ನು ಅರ್ಧ ಗಂಟೆ ಸುಮ್ಮನೆ ಕೂರಿಸಿದರೆ ಮತ್ತೆ ಕಛೇರಿ ಏರುವುದಿಲ್ಲ. ಕರೆಂಟ್ ಹೋದರೆ ಜನರೇಟರ್ ಚಾಲು ಮಾಡುವವನ ಹೆಸರು, ಫೋನ್ ನಂಬರ್ ನಿರೂಪಕರ ಚೀಟಿಯಲ್ಲೇ ಇರಲಿ.

ಹಣದ ಮನವಿ ಒಂದೇ ಸಲ, ಬಿಡುವಿಗೆ ಮೊದಲು, ಒಂದು ನಿಮಿಷ. ಬೂಷ್ಟು ಹಿಡಿದ ಒಂದು ಹಾಳೆಯ ಫೋಟೋ, ಅದಕ್ಕೆ ಬೇಕಾದ ಯಂತ್ರದ ಬೆಲೆ, ಈವರೆಗೆ ಬಂದ ಮೊತ್ತ. ಬಾಗಿಲ ಬಳಿ ಬೀಗ ಹಾಕಿದ ಪೆಟ್ಟಿಗೆ, ರಸೀದಿ ಪುಸ್ತಕ, ಕ್ಯೂಆರ್ ಕೋಡ್.

9. ಮರುದಿನದಿಂದ

ನಗದನ್ನು ಅದೇ ರಾತ್ರಿ ಮೂವರು ಕೂತು ಎಣಿಸಿ, ಸಹಿ ಹಾಕಿ, ಬ್ಯಾಂಕ್ ತೆರೆದ ಮೊದಲ ದಿನ ಪೂರ್ತಿ ಕಟ್ಟಿ. "ಮೈಕಿನವರಿಗೆ ಇದರಲ್ಲೇ ಕೊಟ್ಟುಬಿಡುವ" ಎಂಬ ಮಾತಿಗೆ ಒಪ್ಪಬೇಡಿ, ಲೆಕ್ಕ ಅಲ್ಲೇ ಗೋಜಲಾಗುತ್ತದೆ. ಖರ್ಚೆಲ್ಲ ಖಾತೆಯಿಂದ, ಬಿಲ್ ಇಟ್ಟು.

ಚಿತ್ರಗಳು ಮೂರು ದಿನದೊಳಗೆ ಅವರವರ ಮನೆಗೆ ಹೋಗಲಿ. ಸ್ಥಿತಿಪಟ್ಟಿ ಹಿಡಿದು, ಬೆನ್ನು ತಿರುಗಿಸಿ ತೋರಿಸಿ, ಸಹಿ ಪಡೆದು ಬನ್ನಿ. ಚಿತ್ರವನ್ನು ಪೇಪರಿನಲ್ಲಿ ಸುತ್ತಬೇಡಿ, ಮಸಿ ಅಂಟುತ್ತದೆ. ತೊಳೆದ ಹತ್ತಿ ಬಟ್ಟೆ ಒಳ್ಳೆಯದು.

ಒಂದು ತಿಂಗಳೊಳಗೆ ಆದಾಯ, ಖರ್ಚು, ಮ್ಯೂಸಿಯಂಗೆ ಕೊಟ್ಟದ್ದು, ಮೂರನ್ನೂ ಒಂದು ಪುಟದಲ್ಲಿ ಬರೆದು ಮ್ಯೂಸಿಯಂ ಬಾಗಿಲಿಗೆ ಅಂಟಿಸಿ, ಖರ್ಚು ಹೊತ್ತವರಿಗೂ ದಾನಿಗಳಿಗೂ ಕಳಿಸಿ. ನಷ್ಟ ಆಗಿದ್ದರೆ ಅದನ್ನೂ ಬರೆಯಿರಿ.

ಗುರಿ ಯಂತ್ರವೇ ಆಗಿದ್ದರೆ ಮೇ ಮುಗಿಯುವ ಮೊದಲು ಅದು ಬಂದು ಕೂತಿರಬೇಕು. ಬಿಲ್ಲು, ವಾರಂಟಿ ಕಾರ್ಡು ಮ್ಯೂಸಿಯಂ ಹೆಸರಿನಲ್ಲಿರಲಿ. ಜುಲೈಯಲ್ಲಿ ಅದರ ನೀರಿನ ಟ್ಯಾಂಕು ದಿನಾ ತುಂಬುತ್ತದೆ, ಕೆಲವೊಮ್ಮೆ ದಿನಕ್ಕೆ ಎರಡು ಸಲ. ತುಂಬಿದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ. ಅದನ್ನು ಖಾಲಿ ಮಾಡುವವರು ಯಾರು, ಭಾನುವಾರ ರಜೆ ಇದ್ದಾಗ ಯಾರು ಎಂದು ಹೆಸರು ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.